ತ್ರಿಕೋನ ಅಂದ್ರೆ ಗಂಡು, ಸುನ್ನೆ ಅಂದ್ರೆ ಹೆಣ್ಣು

ನಾನು ಬಿಎ ಸೇರಿದ್ದು 1999ರಲ್ಲಿ. ಸಮಾಜಶಾಸ್ತ್ರ ತಗೊಂಡಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಕಥೆ ಹೊಡೆದರೂ ಪಾಸಾಗಬಹುದು ಅಂತ ಸೀನಿಯರ್‌ಗಳು ಹೇಳಿದ್ದರು. ಓದೋಕೆ ಇದ್ದದ್ದು ಒಂದು ಗೈಡು, ಸರ್ ಬರೆಸುವ ನೋಟ್ಸು, ಹಿಂದಿನ ವರ್ಷದವರ ನೋಟ್ಸಿನ ಜೆರಾಕ್ಸು. ಜೆರಾಕ್ಸಿನ ಜೆರಾಕ್ಸು ತೆಗೆದೂ ತೆಗೆದೂ ಡರ್ಖೈಮ್ ಅನ್ನೋ ಫ್ರೆಂಚ್ ಸಮಾಜಶಾಸ್ತ್ರಜ್ಞನ ಹೆಸರಿನ ಕೊನೆ ಅಳಿಸಿ ಬರೀ 'ಡರ್ಖೈ' ಉಳಿದಿತ್ತು, ನಮ್ಮಲ್ಲೊಬ್ಬ ಪರೀಕ್ಷೆಯಲ್ಲೂ ಹಾಗೇ ಬರೆದು ಬಂದ. ಇಂಗ್ಲಿಷ್ ಪುಸ್ತಕಗಳು ಗಾಜಿನ ಬೀರುವಿನೊಳಗೆ ಚೆನ್ನಾಗಿ ಕಾಣುತ್ತಿದ್ದವು. ಬೀಗದ ಕೈ ಯಾರ ಹತ್ತಿರ ಅಂತ ಮೂರು ವರ್ಷವೂ ಗೊತ್ತಾಗಲಿಲ್ಲ.

ಆ ನವೆಂಬರ್ 30ಕ್ಕೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ತೀರಿಕೊಂಡರು. ಸರ್ ಪೇಪರ್ ಹಿಡಿದುಕೊಂಡೇ ಕ್ಲಾಸಿಗೆ ಬಂದರು. ನಮಗೆ ಶ್ರೀನಿವಾಸ್ ಅಂದರೆ 'ಸಂಸ್ಕೃತೀಕರಣ, ಹತ್ತು ಅಂಕ', ಅಷ್ಟೇ. ಕೆಳಜಾತಿಯವರು ಮೇಲ್ಜಾತಿಯವರ ಆಚಾರ ಹಿಡಿದು ಮೇಲೇರಲು ನೋಡೋದಕ್ಕೆ ಅವರು ಬಳಸಿದ ಹೆಸರು ಅದು. ಅವತ್ತು ಸರ್ ನೋಟ್ಸ್ ಬರೆಸಲಿಲ್ಲ. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದುಕೊಂಡಿದ್ದು, ಆ ಊರಿಗೆ ರಾಂಪುರ ಅಂತ ಬೇರೆ ಹೆಸರಿಟ್ಟಿದ್ದು, 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಬೆಂಕಿ ಇಟ್ಟು ಅವರು ತಿದ್ದಿ ಜೋಡಿಸಿಟ್ಟುಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋಗಿದ್ದು, ಆಮೇಲೆ ನೆನಪನ್ನೇ ನೆಚ್ಚಿಕೊಂಡು ಬರೆದ ಪುಸ್ತಕ 1976ರಲ್ಲಿ ಬಂದಿದ್ದು, ಎಲ್ಲಾ ಹೇಳಿದರು. "ನಿಮ್ಮ ನೋಟ್ಸ್ ಸುಟ್ಟುಹೋದ್ರೆ ನಿಮಗೇನ್ರೋ ನೆನಪಿರುತ್ತೆ?" ಅಂದರು. ಯಾರೂ ಬಾಯಿ ಬಿಡಲಿಲ್ಲ.

ಮಾರನೇ ವಾರ ಗೈಡಿನಲ್ಲಿ ಇಲ್ಲದ ಕೆಲಸ ಕೊಟ್ಟರು. ಮನೆಯವರನ್ನು ಕೇಳಿ ನಂಟಸ್ತಿಕೆಯ ನಕ್ಷೆ ಬರೆಯಬೇಕು. ಗಂಡಿಗೆ ತ್ರಿಕೋನ, ಹೆಣ್ಣಿಗೆ ಸುನ್ನೆ, ಮದುವೆಗೆ ಸಮ ಚಿಹ್ನೆ, ತೀರಿಕೊಂಡವರ ಮೇಲೆ ಅಡ್ಡಗೀಟು. ಒಂದೊಂದು ತಲೆಮಾರಿಗೆ ಒಂದೊಂದು ಸಾಲು. ಇದರಲ್ಲೇನಿದೆ ಅಂತ ಡ್ರಾಯಿಂಗ್ ಶೀಟ್ ಹಾಸಿಕೊಂಡು ಕೂತೆ, ಎರಡನೇ ಸಾಲಿಗೇ ಸಿಕ್ಕಿಹಾಕಿಕೊಂಡೆ.

ನಮ್ಮಪ್ಪ ಅಮ್ಮನಿಗೆ ಸೋದರಮಾವ. ಅಂದರೆ ನನ್ನ ಅಜ್ಜಿಯೇ ನನಗೆ ಸೋದರತ್ತೆ! ಅಪ್ಪನನ್ನು ಅಕ್ಕನ (ಅಂದರೆ ಅಜ್ಜಿಯ) ಪಕ್ಕ ಮೇಲಿನ ಸಾಲಿಗೆ ಹಾಕಿದರೆ ಅಮ್ಮ ಕೆಳಗೆ ಉಳಿಯುತ್ತಾಳೆ, ಸಮ ಚಿಹ್ನೆ ಓರೆಯಾಗಿ ಇಳಿಯಬೇಕು. ನಾಲ್ಕು ಸಲ ರಬ್ಬರ್ ಉಜ್ಜಿ ಶೀಟೇ ಹರಿಯಿತು. ದಿನಾ ಅಜ್ಜೀ ಅಜ್ಜೀ ಅಂತ ಕೂಗುವವನಿಗೆ ಇದು ಯಾವತ್ತೂ ಹೊಳೆದಿರಲಿಲ್ಲ ನೋಡಿ.

ಸರ್‌ಗೆ ತೋರಿಸಿದರೆ ಖುಷಿಯೋ ಖುಷಿ. ಮನೆಯಿಂದ ತಮ್ಮ ಹತ್ತಿರವಿದ್ದ ಪುಸ್ತಕ ತಂದರು, ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಬರೆದದ್ದು, 1953ರದ್ದು, ದಕ್ಷಿಣದ ಕಡೆ ಅಕ್ಕನ ಮಗಳನ್ನು ತರುವ ವಿಚಾರ ಅದರಲ್ಲಿತ್ತು. "ನಿಮ್ಮ ಮನೆ ಸಿಲಬಸ್ಸಿನಲ್ಲೇ ಇದೆ ಕಣಯ್ಯಾ" ಅಂದರು. ಹರಿದ ಶೀಟಿಗೆ ಗಮ್ ಹಚ್ಚಿ ಡಿಪಾರ್ಟ್‌ಮೆಂಟಿನ ಗೋಡೆಗೆ ಅಂಟಿಸಿದರು, ಮುಂದಿನ ಬ್ಯಾಚಿನವರಿಗೂ ಅದನ್ನೇ ತೋರಿಸಿ ಪಾಠ ಮಾಡಿದರಂತೆ.

ಗೋಡೆಗೆ ಹೋಗುವ ಮೊದಲು ಅದನ್ನು ಅಜ್ಜಿಗೂ ತೋರಿಸಿದ್ದೆ. "ಇದರಲ್ಲಿ ನಾನೆಲ್ಲೋ?" ಅಂದಳು. ಬೆರಳಿಟ್ಟು ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು. "ನಿಮ್ಮಪ್ಪನಿಗೆ ಗೋಪುರ ಕಟ್ಟಿದೀಯ. ಅವನನ್ನ ಎತ್ತಿ ಆಡಿಸಿದ ನಾನು ಸುನ್ನೆಯೇನೋ?"

ಸುನ್ನೆಯೊಳಗೆ ಅವಳ ಹೆಸರು ಬರೆದೆ. ಅಕ್ಷರ ಹಿಡಿಸದೆ ಹೊರಗೆ ಬಂತು.