ಬಲಗಡೆಯ ಅಂಕಣ

ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದ ನಿಯಮಪಟ್ಟಿಗೆ ಎರಡು ಅಂಕಣಗಳಿದ್ದವು. ಎಡಕ್ಕೆ ನಿಯಮ, ಬಲಕ್ಕೆ ಕಾರಣ. ‘ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕಲ್ಲ’ ಎಂಬುದರ ಎದುರಿಗೆ ಮೇಷ್ಟ್ರು ಹೀಗೆ ಬರೆದಿದ್ದರು: ಸಾರೀಕೃತ ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಬಿದ್ದರೆ ವಿಪರೀತ ಶಾಖ ಹೊಮ್ಮಿ, ನೀರು ಅಲ್ಲೇ ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಅದನ್ನು ಓದಿದ ಮೇಲೆ ಆ ನಿಯಮ ಅವರದಾಗಿ ಉಳಿಯಲಿಲ್ಲ, ನಮ್ಮದಾಯಿತು.

ಎಲ್ಲ ಸಲವೂ ಕಾರಣ ಹೇಳುವಷ್ಟು ವ್ಯವಧಾನ ಎಲ್ಲಿರುತ್ತದೆ? ಸಹಪಾಠಿಯೊಬ್ಬ ಉರಿಯುತ್ತಿದ್ದ ದೀಪಕ್ಕೇ ಸ್ಪಿರಿಟ್ ಸುರಿಯಲು ಹೊರಟಾಗ ಮೇಷ್ಟ್ರು ‘ನಿಲ್ಲಿಸು!’ ಎಂದು ಗುಡುಗಿದರು. ಅವನು ಮರುಮಾತಿಲ್ಲದೆ ನಿಲ್ಲಿಸಿದ. ದೀಪ ಆರಿಸಿ, ಸ್ಪಿರಿಟ್ಟಿನ ಆವಿಗೆ ಬೆಂಕಿ ತಗುಲಿ ಅದು ಕೈಯಲ್ಲಿದ್ದ ಸೀಸೆಯವರೆಗೂ ಹಾಯುವ ಬಗೆಯನ್ನು ವಿವರಿಸಿದ ಮೇಲೆಯೇ ಪಾಠ ಮುಂದುವರಿಯಿತು. ಆ ವಿಧೇಯತೆಯಿಂದ ಅವನ ಸ್ವಾತಂತ್ರ್ಯಕ್ಕೆ ಕುಂದು ಬಂತೆಂದು ನಾನು ಒಪ್ಪುವುದಿಲ್ಲ. ಕಾರಣ ತಡವಾಗಬಹುದು, ತಪ್ಪುವುದಿಲ್ಲ ಎಂಬ ಭರವಸೆ ಅವನಿಗಿತ್ತು.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಆರಂಭಿಸಿದ ಪ್ರಯೋಗಗಳ ಬಗ್ಗೆ ಮುಂದೆ ಓದಿದಾಗ ಮೇಷ್ಟ್ರು ಬಹಳ ನೆನಪಾದರು. ಅಲ್ಲಿಯೂ ಪ್ರಯೋಗಾಲಯದ ಕೋಟು ತೊಟ್ಟು ಆಜ್ಞೆ ಕೊಡುವವನೊಬ್ಬನಿದ್ದ. ಪಕ್ಕದ ಕೋಣೆಯವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಆಘಾತ ಹೆಚ್ಚಿಸಬೇಕೆಂಬುದು ಆಜ್ಞೆ. ಆಘಾತ ನಿಜವಲ್ಲ, ಆದರೆ ಗುಂಡಿ ಒತ್ತುವವರಿಗೆ ಅದು ತಿಳಿದಿರಲಿಲ್ಲ. ಹಿಂಜರಿದವರಿಗೆ ‘ಪ್ರಯೋಗಕ್ಕೆ ನೀವು ಮುಂದುವರಿಯುವುದು ಅಗತ್ಯ’, ಕೊನೆಗೆ ‘ನಿಮಗೆ ಬೇರೆ ದಾರಿಯಿಲ್ಲ’ ಎಂಬ ಉತ್ತರ. ಇವು ಕಾರಣಗಳೇ? ಆಜ್ಞೆಯನ್ನೇ ಮತ್ತೊಮ್ಮೆ ಹೇಳಿದ್ದು, ಅಷ್ಟೇ. ಆದರೂ 40 ಜನರಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಹೋದರು. ಅನೇಕರು ಬೆವರುತ್ತ, ನಡುಗುತ್ತ ಒತ್ತಿದರು. ಅವರನ್ನು ಕ್ರೂರಿಗಳೆಂದು ಕರೆಯಲು ನನಗೆ ಮನಸ್ಸಾಗದು. ತಮ್ಮ ವಿವೇಕವನ್ನು ಇನ್ನೊಬ್ಬನ ಕೈಗೆ ಒಪ್ಪಿಸಿಬಿಟ್ಟಿದ್ದರು.

ಅದೇ ಪ್ರಯೋಗದ ಇನ್ನೊಂದು ರೂಪದಲ್ಲಿ ಜೊತೆಗಿದ್ದ ಇಬ್ಬರು ‘ಆಗುವುದಿಲ್ಲ’ ಎಂದು ಎದ್ದರು. ಆಗ ಕೊನೆಯವರೆಗೆ ಹೋದವರು 40ರಲ್ಲಿ ನಾಲ್ವರು ಮಾತ್ರ.

ಈ ಸಂಗತಿ ನನಗೆ ನಮ್ಮ ತರಗತಿಯ ಒಬ್ಬ ಗೆಳತಿಯನ್ನು ನೆನಪಿಸುತ್ತದೆ. ‘ಹಾಜರಿ ಸಂಖ್ಯೆಯ ಕ್ರಮದಲ್ಲೇ ನಿಲ್ಲಬೇಕು’ ಎಂಬ ನಿಯಮದ ಬಲಗಡೆ ಖಾಲಿಯಿದೆಯಲ್ಲ ಎಂದು ಅವಳು ಕೇಳಿದಳು. ಮೇಷ್ಟ್ರು ಯೋಚಿಸಿ ಅದನ್ನು ಹೊಡೆದುಹಾಕಿದರು. ಅವಳ ಹಿಂದೆಯೇ ನಾವೂ ಕೇಳತೊಡಗಿದೆವು. ‘ಕೂದಲು ಬಿಗಿಯಾಗಿ ಕಟ್ಟಿ’ ಎಂಬುದನ್ನೂ ತೆಗೆಸಲು ಹೊರಟೆವು. ಅವರು ಎದುರಿಗೆ ‘ಜ್ವಾಲೆ’ ಎಂದು ಬರೆದರು, ನಾವು ಕಟ್ಟಿಕೊಂಡೆವು.