64 ವಾಯ್ಸ್‌ಗಳ ಲೆಕ್ಕ

ರೋಲೆಂಡ್ ಜೆವಿ-1080 ಎಂಬ ಸಿಂಥಸೈಜರಿಗೆ ಕರಿ ಮನೆ, ಬಿಳಿ ಮನೆ ಯಾವುದೂ ಇಲ್ಲ. 19 ಇಂಚಿನ ರ್ಯಾಕ್‌ನಲ್ಲಿ ಎರಡು ಯೂನಿಟ್ ಎತ್ತರ ಹಿಡಿಯುವ ಕಪ್ಪು ಪೆಟ್ಟಿಗೆ ಅದು. ಮುಂದೆ ಎರಡು ಸಾಲಿನ ಪರದೆ, ಒಂದು ತಿರುಗಣೆ, ಒಂದಿಷ್ಟು ಗುಂಡಿಗಳು. ಹಿಂದೆ, ಕೀಬೋರ್ಡಿನಿಂದ ಸ್ವರಗಳ ಸಂದೇಶ ತರುವ ಮಿಡಿ ಕೇಬಲ್ಲಿಗೆ ಐದು ಪಿನ್ನಿನ ಕಿಂಡಿಗಳು, ಆರು ಆಡಿಯೊ ಔಟ್‌ಪುಟ್‌ಗಳು. 1994ರಲ್ಲಿ ಬಂದ ಈ ಮಾಡ್ಯೂಲ್ ಈಗಲೂ ನನ್ನೊಡನೆ ಪ್ರತಿ ಕಾರ್ಯಕ್ರಮಕ್ಕೂ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ನಾದಸಂಗ್ರಹ ಇರುವಾಗ ಇದನ್ನೇಕೆ ಹೊತ್ತು ತಿರುಗುತ್ತೀರಿ ಎಂದು ಜೊತೆಯ ಕಲಾವಿದರು ಕೇಳುತ್ತಲೇ ಇರುತ್ತಾರೆ. ವೇದಿಕೆಯ ಹಿಂದೆ ಕೇಬಲ್ ಸುತ್ತುತ್ತಾ ಉತ್ತರಿಸುವ ಪ್ರಶ್ನೆಯಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ವಾದ್ಯಕ್ಕೆ ಎಲ್ಲಿ ಜಾಗ, ಯಾವುದು ಎಲ್ಲಿ ಸುಮ್ಮನಿರಬೇಕು ಎಂಬುದನ್ನು ನನಗೆ ಕಲಿಸಿದ್ದು ಈ ಪೆಟ್ಟಿಗೆಯ ಮಿತಿಗಳೇ.

ಕಾರ್ಖಾನೆಯಲ್ಲೇ ತುಂಬಿಕೊಟ್ಟ ನಾದಗಳಿಗೆ ಪ್ರಿಸೆಟ್ ಎನ್ನುತ್ತಾರೆ, ಒಂದೊಂದು ನಾದಕ್ಕೆ ಪ್ಯಾಚ್. ಮೊದಲ ಪ್ರಿಸೆಟ್ ಬ್ಯಾಂಕಿನ ಮೊದಲ ಪ್ಯಾಚ್‌ನ ಹೆಸರು ‘64ವಾಯ್ಸ್‌ಪಿಯಾನೊ’. ಆ ಹೆಸರಿನಲ್ಲೇ ಇಡೀ ಯಂತ್ರದ ಗುಟ್ಟಿದೆ. ಜೆವಿ-1080 ಏಕಕಾಲಕ್ಕೆ 64 ವಾಯ್ಸ್‌ಗಳನ್ನು, ಅಂದರೆ ನಾದದ ಎಳೆಗಳನ್ನು, ಹೊರಡಿಸಬಲ್ಲದು. ಆದರೆ ಒಂದು ಪ್ಯಾಚ್ ಒಳಗೆ ನಾಲ್ಕು ಟೋನ್‌ಗಳವರೆಗೆ ಇರಬಹುದು. ಪ್ರತಿ ಟೋನ್‌ಗೂ ತನ್ನದೇ ತರಂಗ, ಫಿಲ್ಟರ್, ಎನ್ವಲಪ್ (ನಾದ ಏರಿ ಇಳಿಯುವ ಬಗೆ). ನೀವು ಒಂದು ಸ್ವರ ಒತ್ತಿದಾಗ ಎಷ್ಟು ಟೋನ್‌ಗಳು ಎಚ್ಚರವಾಗಿವೆಯೋ ಅಷ್ಟು ವಾಯ್ಸ್‌ಗಳು ಖರ್ಚಾಗುತ್ತವೆ. ಒಂದೇ ಟೋನ್‌ನ ಪಿಯಾನೊ ಆದರೆ 64 ಸ್ವರಗಳು ನಿಲ್ಲುತ್ತವೆ, ನಾಲ್ಕು ಟೋನ್‌ಗಳ ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ನಿಲ್ಲುವ ನಾದ) ಆದರೆ ಹದಿನಾರೇ. ಮೇಲಿಂದ ಇದು 16 ಭಾಗಗಳನ್ನು ಒಟ್ಟಿಗೆ ನುಡಿಸುವ ಯಂತ್ರ. ಡ್ರಮ್ಸ್, ಬಾಸ್, ತಂತಿವಾದ್ಯ, ಕೊಳಲು ಎಲ್ಲವೂ ಆ 64ರಲ್ಲೇ ಪಾಲು ಕೇಳುತ್ತವೆ.

ಒಬ್ಬರೇ ಕುಳಿತು ಪ್ರಿಸೆಟ್‌ಗಳನ್ನು ಒಂದೊಂದಾಗಿ ಕೇಳುವವರಿಗೆ ಈ ಮಾತು ಹೊಳೆಯುವುದೇ ಇಲ್ಲ. ಪ್ರಿಸೆಟ್‌ಗಳು ಒಂಟಿಯಾಗಿ ಮೆರೆಯಲೆಂದೇ ಹುಟ್ಟಿದವು: ಅಗಲವಾಗಿ ಹರಡಿಕೊಂಡಿರುತ್ತವೆ, ರಿವರ್ಬ್‌ನಲ್ಲಿ ನೆನೆದಿರುತ್ತವೆ, ಮಂದ್ರದಿಂದ ತಾರದವರೆಗೆ ಎಲ್ಲ ಜಾಗವನ್ನೂ ತುಂಬಿಕೊಂಡಿರುತ್ತವೆ. ತಂಡದ ಮಧ್ಯೆ ತಂದಾಗ ಒಂದನ್ನೊಂದು ತುಳಿಯುತ್ತವೆ. ಜೊತೆಗೆ ಇನ್ನೊಂದು ಸಂಗತಿ ಬಹಳ ಮಂದಿಯನ್ನು ಕಂಗೆಡಿಸುತ್ತದೆ. ಪ್ಯಾಚ್ ಮೋಡ್‌ನಲ್ಲಿ ಸೊಗಸಾಗಿದ್ದ ಆರ್ಗನ್, ಹಲವು ಪ್ಯಾಚ್‌ಗಳನ್ನು ಒಟ್ಟಿಗೆ ನುಡಿಸುವ ಪರ್ಫಾರ್ಮೆನ್ಸ್ ಮೋಡ್‌ಗೆ ತಂದ ಕೂಡಲೇ ಬೋಳಾಗಿ ಕೇಳುತ್ತದೆ. ಯಂತ್ರ ಕೆಟ್ಟಿಲ್ಲ. ನಾದವನ್ನು ದಪ್ಪಗೊಳಿಸುವ ಕೋರಸ್, ಅನುರಣನ ಕೊಡುವ ರಿವರ್ಬ್ ಬಿಟ್ಟರೆ ಇದರಲ್ಲಿರುವುದು ಒಂದೇ ಒಂದು ಇಎಫ್‌ಎಕ್ಸ್ (ಪರಿಣಾಮಗಳ) ಘಟಕ. ಅದರಲ್ಲಿ 40 ಬಗೆಯ ಪರಿಣಾಮಗಳಿದ್ದರೂ 16 ಭಾಗಗಳೂ ಆ ಒಂದನ್ನೇ ಹಂಚಿಕೊಳ್ಳಬೇಕು. ಮುಂದೆ ಬಂದ ಜೆವಿ-2080ರಲ್ಲಿ ಅದನ್ನು ಮೂರಕ್ಕೆ ಏರಿಸಿದರು.

ನಾನು ವೇದಿಕೆಯಲ್ಲಿ ಆ ಒಂದೇ ಇಎಫ್‌ಎಕ್ಸನ್ನು ಆರ್ಗನ್‌ಗೆ ಕೊಡುತ್ತೇನೆ. ರೋಟರಿ ಸ್ಪೀಕರಿನ ಸುತ್ತುವ ಗುಣವಿಲ್ಲದೆ ಆರ್ಗನ್‌ಗೆ ಜೀವವಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಎಲೆಕ್ಟ್ರಿಕ್ ಪಿಯಾನೊ ಕೋರಸ್‌ನಲ್ಲಿ ತೃಪ್ತಿಪಡುತ್ತದೆ. ಡ್ರಮ್ಸ್ ಮತ್ತು ಬಾಸನ್ನು ಬೇರೆ ಔಟ್‌ಪುಟ್‌ಗಳಿಂದ ಯಾವ ಪರಿಣಾಮವೂ ಇಲ್ಲದೆ ಮಿಕ್ಸರಿಗೆ ಕಳುಹಿಸುತ್ತೇನೆ. ಅವುಗಳಿಗೆ ಏನು ಬೇಕೋ ಸೌಂಡ್ ಎಂಜಿನಿಯರ್ ನೋಡಿಕೊಳ್ಳುತ್ತಾರೆ. ರೆಕಾರ್ಡಿಂಗ್ ಆದರೆ ಕಥೆ ಬೇರೆ. ಅಲ್ಲಿ ಒಂದೊಂದೇ ಭಾಗವನ್ನು ಅದರದೇ ಇಎಫ್‌ಎಕ್ಸ್ ಜೊತೆ ಬೇರೆ ಬೇರೆಯಾಗಿ ಮುದ್ರಿಸಿಕೊಳ್ಳಬಹುದು, ಯಾವ ಹಂಚಿಕೆಯ ತಂಟೆಯೂ ಇಲ್ಲ.

ವಾಯ್ಸ್‌ಗಳ ವಿಷಯಕ್ಕೆ ಮರಳುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಸಿಕ್ಕಿದ್ದು ಅಲ್ಲಿ. ನಮ್ಮ ತಂಡದ ಒಂದು ನಿಧಾನಗತಿಯ ಹಾಡಿನಲ್ಲಿ ಪಲ್ಲವಿಗೆ ಮರಳುವ ಜಾಗದಲ್ಲಿ ಬ್ರಾಸ್ (ತುತ್ತೂರಿಗಳ ನಾದ) ಪ್ರವೇಶವಾಗುತ್ತದೆ. ಸರಿಯಾಗಿ ಅಲ್ಲೇ ಪ್ಯಾಡ್‌ನಲ್ಲಿ ಏನೋ ಕುಸಿದಂತೆ ಕೇಳುತ್ತಿತ್ತು, ಪಿಯಾನೊದ ಉಳಿದ ನಾದ ಕತ್ತರಿಸಿಹೋಗುತ್ತಿತ್ತು. ಕಾಗದ ಹಿಡಿದು ಲೆಕ್ಕ ಹಾಕಿದೆ. ಪ್ಯಾಡ್‌ಗೆ ನಾಲ್ಕು ಟೋನ್, ನಾಲ್ಕು ಸ್ವರಗಳ ಕಾರ್ಡ್: 16. ಆದರೆ ಅದರ ರಿಲೀಸ್, ಅಂದರೆ ಬೆರಳೆತ್ತಿದ ಮೇಲೆ ನಾದ ಕರಗುವ ಹೊತ್ತು, ಉದ್ದವಾದುದು. ಕಾರ್ಡ್ ಬದಲಾದಾಗ ಹಳೆಯ 16 ಇನ್ನೂ ಕರಗುತ್ತಿರುವಾಗಲೇ ಹೊಸ 16 ಹುಟ್ಟುತ್ತವೆ. ಅಲ್ಲಿಗೆ 32. ಎಲೆಕ್ಟ್ರಿಕ್ ಪಿಯಾನೊ ಎರಡು ಟೋನ್, ಪೆಡಲ್ ಒತ್ತಿರುವಾಗ ಹತ್ತು ಸ್ವರ ಉಳಿದರೆ 20. ಬಾಸ್ 2. ಡ್ರಮ್ಸ್‌ನಲ್ಲಿ ಸಿಂಬಲ್‌ನ ಬಾಲವೂ ಸೇರಿ ಒಂದು 6. ಒಟ್ಟು 60. ಈಗ ಮೂರು ಟೋನ್‌ಗಳ ಬ್ರಾಸ್ ಮೂರು ಸ್ವರಗಳೊಂದಿಗೆ ಬರುತ್ತದೆ, 9 ವಾಯ್ಸ್ ಬೇಡುತ್ತದೆ. 69 ಆಯಿತು. ಐದು ವಾಯ್ಸ್‌ಗಳನ್ನು ಯಂತ್ರ ಯಾರಿಂದಲಾದರೂ ಕಿತ್ತುಕೊಳ್ಳಲೇಬೇಕು.

ವಾಯ್ಸ್ ರಿಸರ್ವ್ ಎಂಬ ವ್ಯವಸ್ಥೆ ಇದೆ. ಯಾವ ಭಾಗಕ್ಕೆ ಕನಿಷ್ಠ ಎಷ್ಟು ವಾಯ್ಸ್ ಕಾದಿರಿಸಬೇಕು ಎಂದು ಹೇಳಬಹುದು. ಬಾಸ್‌ಗೂ ಡ್ರಮ್ಸ್‌ಗೂ ಅದನ್ನು ಮಾಡಿದೆ. ಅವೆರಡು ಗಟ್ಟಿಯಾದವು, ಆದರೆ ನಷ್ಟ ಪ್ಯಾಡ್‌ನ ಮೇಲೆ ಬಿತ್ತು. ಕೊನೆಗೆ ಪ್ಯಾಡನ್ನೇ ಬಿಚ್ಚಿ ಕೂತೆ. ಒಂದನೇ ಟೋನ್ ತಂತಿವಾದ್ಯ, ಎರಡನೆಯದು ಅದೇ ತರಂಗ ಸ್ವಲ್ಪ ಶ್ರುತಿ ಸರಿದು, ಮೂರನೆಯದು ಮನುಷ್ಯರ ಕೊರಳಿನ ‘ಆ’ಕಾರ, ನಾಲ್ಕನೆಯದು ಮೇಲಿನ ಸ್ಥಾಯಿಯ ಗಂಟೆಯಂಥ ಮಿನುಗು. ಒಂದೊಂದು ಟೋನ್ ಆಫ್ ಮಾಡುತ್ತಾ ಇಡೀ ಹಾಡನ್ನು ನುಡಿಸಿದೆ. ಗಂಟೆಯನ್ನು ತೆಗೆದಾಗ ಒಂಟಿ ಪ್ಯಾಡ್ ಬಡವಾಯಿತು. ತಂಡದ ಜೊತೆ ನುಡಿಸಿದಾಗ ಅದು ಇಲ್ಲದ್ದೇ ಗೊತ್ತಾಗಲಿಲ್ಲ, ಏಕೆಂದರೆ ಆ ಎತ್ತರದಲ್ಲಿ ಹೈಹ್ಯಾಟ್ ಆಗಲೇ ಮಿನುಗುತ್ತಿತ್ತು. ಶ್ರುತಿ ಸರಿದ ಎರಡನೇ ಟೋನ್ ಮಾಡುತ್ತಿದ್ದ ಕೆಲಸವನ್ನು ಹೆಚ್ಚುಕಡಿಮೆ ಕೋರಸ್ ಮಾಡಬಲ್ಲದು, ಅದಕ್ಕೆ ವಾಯ್ಸ್ ಖರ್ಚಿಲ್ಲ. ಉಳಿದದ್ದು ಎರಡು ಟೋನ್. 32ರ ಜಾಗದಲ್ಲಿ 16. ಒಟ್ಟು 53, ಇನ್ನೂ 11 ವಾಯ್ಸ್ ಕೈಯಲ್ಲಿ.

ನಾನು ಕಳೆದುಹೋದ ಸ್ವರಗಳನ್ನು ಮರಳಿ ಪಡೆಯಲು ಇದನ್ನೆಲ್ಲ ಮಾಡಿದ್ದು. ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಅಭ್ಯಾಸ ಮುಗಿದ ಮೇಲೆ ನಮ್ಮ ಗಾಯಕಿ ಹತ್ತಿರ ಬಂದು, “ಇಂದು ಹಾಡಿನ ಮಾತು ನನಗೇ ಸ್ಪಷ್ಟವಾಗಿ ಕೇಳಿಸಿತು, ಏನು ಬದಲಾಯಿಸಿದಿರಿ?” ಎಂದು ಕೇಳಿದರು. ಅವರ ಮೈಕನ್ನು ಯಾರೂ ಮುಟ್ಟಿರಲಿಲ್ಲ. ಪ್ಯಾಡ್‌ನಿಂದ ಎರಡು ಪದರ ಕಡಿಮೆಯಾಗಿತ್ತು, ಅಷ್ಟೇ. ಅಂದಿನಿಂದ ಯಾವುದೇ ಹಾಡಿಗೆ ಕೂತರೂ ಮೊದಲು ಟೋನ್‌ಗಳನ್ನು ಆಫ್ ಮಾಡುವುದರಿಂದಲೇ ಕೆಲಸ ಆರಂಭಿಸುತ್ತೇನೆ. ಈ ಶಿಸ್ತು ಯಾವ ಪುಸ್ತಕದಿಂದಲೂ ನನಗೆ ಬಂದದ್ದಲ್ಲ.

ಇದೇ ಬಗೆಯ ಇನ್ನೊಂದು ಮಿತಿ ಕೇಬಲ್‌ನಲ್ಲಿದೆ. 1983ರಲ್ಲಿ ಬಂದ ಮಿಡಿ ಸೆಕೆಂಡಿಗೆ 31,250 ಬಿಟ್‌ಗಳ ವೇಗದಲ್ಲಿ ಸಾಗುತ್ತದೆ, ಅದೂ ಕಾಲುಸಂಕ ದಾಟುವವರಂತೆ ಒಂದರ ಹಿಂದೆ ಒಂದು. ಒಂದು ಸ್ವರ ಆರಂಭವಾಗಲಿ ಎಂಬ ಸಂದೇಶ ಮೂರು ಬೈಟ್, ಸುಮಾರು ಒಂದು ಮಿಲಿಸೆಕೆಂಡ್. ಹತ್ತು ಸ್ವರಗಳು ‘ಒಟ್ಟಿಗೆ’ ಬಿದ್ದರೂ ಮೊದಲನೆಯದಕ್ಕೂ ಕೊನೆಯದಕ್ಕೂ ಹತ್ತಿರಹತ್ತಿರ ಹತ್ತು ಮಿಲಿಸೆಕೆಂಡ್ ಅಂತರ ಬೀಳಬಹುದು. ಮರುಕಳಿಸುವ ಮೊದಲ ಬೈಟನ್ನು ಬಿಟ್ಟುಬಿಡುವ ‘ರನ್ನಿಂಗ್ ಸ್ಟೇಟಸ್’ ಬಳಸಿದರೆ ಸ್ವಲ್ಪ ಕಡಿಮೆ. ಕಿವಿಗೆ ಇದು ದೋಷವೆಂದು ಕೇಳುವುದಿಲ್ಲ, ತಾಳ ಸಡಿಲವಾದಂತೆ ಕೇಳುತ್ತದೆ. ನಮ್ಮ ಡ್ರಮ್ಮರ್ ಕಿವಿ ಬಲು ಸೂಕ್ಷ್ಮ. ಮೊದಲೇ ತುಂಬಿಟ್ಟ ಸ್ವರಗಳನ್ನು ಮಾಡ್ಯೂಲಿಗೆ ಕಳುಹಿಸುವ ಸೀಕ್ವೆನ್ಸರ್ ಜೊತೆ ನುಡಿಸುವಾಗ ಕಿಕ್ ಎಲ್ಲೋ ಹಿಂದೆ ಜಗ್ಗುತ್ತಿದೆ ಎಂದು ಅವರು ಹೇಳಿದಾಗ ನಾನು ಡ್ರಮ್ಸ್ ಟ್ರ್ಯಾಕನ್ನು ಎಲ್ಲಕ್ಕಿಂತ ಮೇಲಕ್ಕೆ ಸರಿಸಿದೆ, ಆ ಸೀಕ್ವೆನ್ಸರ್ ಮೇಲಿನ ಟ್ರ್ಯಾಕನ್ನೇ ಮೊದಲು ಕಳುಹಿಸುವುದರಿಂದ. ಆಮೇಲೆ ಪ್ಯಾಡ್ ಟ್ರ್ಯಾಕ್‌ನಲ್ಲಿ ಸುಮ್ಮನೆ ತುಂಬಿಕೊಂಡಿದ್ದ ಆಫ್ಟರ್‌ಟಚ್ (ಬೆರಳಿನ ಒತ್ತಡದ) ಸಂದೇಶಗಳನ್ನು ಅಳಿಸಿದೆ. ಯಾವ ಪರಿಣಾಮವನ್ನೂ ಮಾಡದೆ ಕೇಬಲ್ ತುಂಬುತ್ತಿದ್ದವು ಅವು. ತಾಳ ಬಿಗಿಯಾಯಿತು.

ಬೇರೆಯವರ ಅನುಭವಗಳೂ ಇದಕ್ಕೆ ದೂರವಲ್ಲ. ನೃತ್ಯಸಂಗೀತ ಮಾಡುವ ಗೆಳೆಯರೊಬ್ಬರ ಬಳಿ 1987ರ ಯಮಾಹಾ ಟಿಎಕ್ಸ್81ಜೆಡ್ ಇದೆ. ಒಂದೇ ಯೂನಿಟ್ ಎತ್ತರ, ಒಂದು ತರಂಗದಿಂದ ಇನ್ನೊಂದನ್ನು ಅಲುಗಿಸಿ ನಾದ ಹುಟ್ಟಿಸುವ ಎಫ್‌ಎಂ ಪದ್ಧತಿ, ಏಕಕಾಲಕ್ಕೆ ಎಂಟೇ ಸ್ವರಗಳು. ಅದರ ‘ಲೇಟ್ಲಿ ಬಾಸ್’ ಎಂಬ ಪ್ಯಾಚ್ ಜಗತ್ತಿನಾದ್ಯಂತ ನೃತ್ಯಗೀತೆಗಳಲ್ಲಿ ಕೇಳಿಬಂದದ್ದು. ಅವರು ಆ ಯಂತ್ರವನ್ನು ಬಾಸ್‌ಗೆ ಮಾತ್ರ ಇಟ್ಟುಕೊಂಡಿದ್ದಾರೆ, ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಸಮೂಹಗಾನ ಕಲಿಸುವ ಮತ್ತೊಬ್ಬರು ಅದೇ ಮಾಡ್ಯೂಲನ್ನು ಶ್ರುತಿಗಾಗಿ ಪ್ರೀತಿಸುತ್ತಾರೆ. ಸಮಾನ ಅಂತರದ ಶ್ರುತಿಯಲ್ಲಿ ಮೇಜರ್ ಕಾರ್ಡ್‌ನ ಗಾಂಧಾರ ಶುದ್ಧ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಅರ್ಧಸ್ವರದ ನೂರರಲ್ಲಿ ಹದಿನಾಲ್ಕು ಪಾಲು) ಎತ್ತರದಲ್ಲಿರುತ್ತದೆ. ಹಾಡುವವರ ಕೊರಳು ತಾನಾಗಿ ಕೆಳಗಿನ ಶುದ್ಧ ಜಾಗಕ್ಕೆ ಹೋಗಿ ಕೂರುತ್ತದೆ, ಕೀಬೋರ್ಡ್ ಮೇಲೆಯೇ ಉಳಿಯುತ್ತದೆ, ಎರಡೂ ಜಗಳವಾಡುತ್ತವೆ. ಟಿಎಕ್ಸ್81ಜೆಡ್‌ನಲ್ಲಿ ಸ್ವರಗಳ ಶ್ರುತಿಯನ್ನು ಬದಲಿಸುವ ಮೈಕ್ರೊ ಟ್ಯೂನಿಂಗ್ ಇರುವುದರಿಂದ ಅವರು ಶುದ್ಧ ಶ್ರುತಿಯ ಕಾರ್ಡ್‌ಗಳನ್ನೇ ಮಕ್ಕಳಿಗೆ ಕೇಳಿಸುತ್ತಾರೆ. ಎಂಟು ಸ್ವರಗಳ ಯಂತ್ರ ಅವರಿಗೆ ಎಂದೂ ಕಡಿಮೆಯೆನಿಸಿಲ್ಲ.

ಇನ್ನು ನಾದದ ಗುಣ. ಜೆವಿ-1080ರ ಒಳಗಿನ ಎಲ್ಲ ತರಂಗಗಳೂ ಸೇರಿ 8 ಮೆಗಾಬೈಟ್. ಇಂದಿನ ಒಂದೇ ಒಂದು ಪಿಯಾನೊ ಸಂಗ್ರಹ ಹಲವು ಗಿಗಾಬೈಟ್ ಇರುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿ ಒಂದೊಂದೇ ಸ್ವರ ಕೇಳಿದರೆ ಇದರ ಪಿಯಾನೊದಲ್ಲಿ ಲೂಪ್ ಸುತ್ತುವುದು ತಿಳಿಯುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪಿಯಾನೊ ಒಂದನ್ನೇ ನುಡಿಸುವ ಕಾರ್ಯಕ್ರಮಕ್ಕೆ ನಾನೂ ಇದನ್ನು ಒಯ್ಯುವುದಿಲ್ಲ. ಆದರೆ ಎರಡು ಗಿಟಾರ್, ಬಾಸ್, ಡ್ರಮ್ಸ್ ಇರುವ ತಂಡದಲ್ಲಿ ಆ ಸಣ್ಣ ಪಿಯಾನೊ ಮಧ್ಯದ ಸ್ಥಾಯಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಬಾಸ್‌ನ ಜಾಗಕ್ಕೆ ಕೈಹಾಕುವುದಿಲ್ಲ. ರೋಲೆಂಡ್ ಸಂಸ್ಥೆಯೇ ಇದರ ಸಾಫ್ಟ್‌ವೇರ್ ರೂಪವನ್ನು ಮಾರುತ್ತದೆ. ಸ್ಟುಡಿಯೊದಲ್ಲಿ ಕೂತು ಕೆಲಸ ಮಾಡುವವರು ಅದನ್ನೇ ಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ವೇದಿಕೆಗೆ ಮಾತ್ರ ನನಗೆ ಪೆಟ್ಟಿಗೆಯೇ ಬೇಕು. ಸ್ವಿಚ್ ಹಾಕಿದರೆ ನಿನ್ನೆ ಎಲ್ಲಿ ಬಿಟ್ಟಿದ್ದೆನೋ ಅಲ್ಲೇ ಇರುತ್ತದೆ.

ಹಳೆಯ ಮಾಡ್ಯೂಲ್ ಕೊಳ್ಳುವವರಿಗೆ ಒಂದು ಮಾತು. ನೀವು ಕಟ್ಟಿದ ಪ್ಯಾಚ್‌ಗಳನ್ನು ಹಿಡಿದಿಡುವುದು ಒಳಗಿರುವ ನಾಣ್ಯದಾಕಾರದ ಬ್ಯಾಟರಿ. ಜೆವಿ-1080ರಲ್ಲಿ ಬಳಕೆದಾರರ ಜಾಗ 128 ಪ್ಯಾಚ್, 32 ಪರ್ಫಾರ್ಮೆನ್ಸ್. ಬ್ಯಾಟರಿ ಸತ್ತರೆ ಅಷ್ಟೂ ಹೋಗುತ್ತದೆ. ಮಿಡಿ ಮೂಲಕ ಸಿಸ್ಟಂ ಎಕ್ಸ್‌ಕ್ಲೂಸಿವ್ ದತ್ತಾಂಶವಾಗಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ಬ್ಯಾಟರಿ ಬದಲಾಯಿಸಲು ಕೊಡಿ. ಕೊಳ್ಳುವ ಮುನ್ನ ಆರೂ ಔಟ್‌ಪುಟ್‌ಗಳಲ್ಲಿ ಶಬ್ದ ಬರುತ್ತಿದೆಯೇ ನೋಡಿ, ತಿರುಗಣೆಯನ್ನು ನಿಧಾನವಾಗಿ ತಿರುಗಿಸಿ ಅಂಕಿಗಳು ಜಿಗಿಯುತ್ತವೆಯೇ ಗಮನಿಸಿ. ಒಳಗೆ ಎಕ್ಸ್‌ಪಾನ್ಷನ್ ಬೋರ್ಡ್‌ಗಳಿಗೆ ನಾಲ್ಕು ಜಾಗಗಳಿವೆ. ಯಾವುದಾದರೂ ಬೋರ್ಡ್ ಕೂತಿದ್ದರೆ ಅದೃಷ್ಟ, ಆದರೆ ನೆನಪಿರಲಿ: ಅವು ಹೊಸ ತರಂಗಗಳನ್ನು ಕೊಡುತ್ತವೆ, ಹೊಸ ವಾಯ್ಸ್‌ಗಳನ್ನಲ್ಲ.

ನನ್ನ ಈ ಲೆಕ್ಕಾಚಾರವನ್ನು ಕೇಳಿದ ಕೀಬೋರ್ಡ್ ವಾದಕರೊಬ್ಬರು, “ನನ್ನಲ್ಲಿ ರೋಲೆಂಡಿನದೇ 2000ನೇ ಇಸವಿಯ ಎಕ್ಸ್‌ವಿ-5080 ಇದೆ, 128 ವಾಯ್ಸ್, ನನಗೆ ಈ ಚಿಂತೆ ಇಲ್ಲ” ಎಂದಿದ್ದರು. ಈಚೆಗೆ ಅವರೇ ಫೋನ್ ಮಾಡಿ, ಒಂದು ಹಾಡಿನ ಕೊನೆಯಲ್ಲಿ ತಂತಿವಾದ್ಯಗಳು ಕತ್ತರಿಸಿಹೋಗುತ್ತಿವೆ ಎಂದರು. ಅವರ ಮನೆಯಲ್ಲಿ ಕೂತು ಪರ್ಫಾರ್ಮೆನ್ಸ್ ಬಿಚ್ಚಿ ನೋಡಿದೆವು. ಒಂದೇ ಮಿಡಿ ಚಾನೆಲ್‌ಗೆ ಮೂರು ತಂತಿವಾದ್ಯ ಪ್ಯಾಚ್‌ಗಳು, ಪ್ರತಿಯೊಂದರಲ್ಲೂ ನಾಲ್ಕು ಟೋನ್: ಒಂದು ಸ್ವರಕ್ಕೆ 12 ವಾಯ್ಸ್. ಆರು ಸ್ವರಗಳ ಕಾರ್ಡ್ ಒಂದು ಬದಲಾದರೆ ಸಾಕು, ರಿಲೀಸ್ ಸೇರಿ 144. ನಾವು ಟೋನ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋದೆವು. ಎರಡನೇ ಪ್ಯಾಚ್ ಪೂರ್ತಿ ಹೋಯಿತು, ಮೂರನೆಯದರಲ್ಲಿ ಚೆಲ್ಲೊ ಮಾತ್ರ ಉಳಿಯಿತು. ಮೊದಲ ಪ್ಯಾಚ್‌ನ ನಾಲ್ಕನ್ನೂ ಅವರು ಬಿಟ್ಟುಕೊಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ, ಆ ಕೊನೆಗೆ ಅಷ್ಟು ದಪ್ಪ ನಾದ ಬೇಕೇ ಬೇಕಿತ್ತು. ಸ್ವರಕ್ಕೆ ಐದರಂತೆ ಲೆಕ್ಕ ನಿಂತಿತು, ತಂತಿಗಳು ಕೊನೆಯವರೆಗೂ ಉಳಿದವು.