ಪ್ರೋಟೀನ್ ಆಗದ ಆರ್‌ಎನ್‌ಎಗಳೂ ಎಚ್‌ಐವಿಯೂ

ನಮ್ಮ ಜೀವಕೋಶದ ಆರ್‌ಎನ್‌ಎಗಳೆಲ್ಲ ಪ್ರೋಟೀನ್ ಆಗುವುದಿಲ್ಲ. ಆಗದವುಗಳಲ್ಲಿ ಎಚ್‌ಐವಿ ಮಟ್ಟಿಗೆ ಮೊದಲು ನೋಡಬೇಕಾದ್ದು 7ಎಸ್‌ಕೆ. ಸುಮಾರು 330 ನ್ಯೂಕ್ಲಿಯೊಟೈಡ್ ಉದ್ದದ ಇದು, ಹೆಕ್ಸಿಮ್1 ಪ್ರೋಟೀನಿನ ಜೊತೆ ಸೇರಿ ಪಿ-ಟೆಫ್‌ಬಿ ಎಂಬ ಕೈನೇಸನ್ನು (ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಸೇರಿಸುವ ಕಿಣ್ವವನ್ನು) ಹಿಡಿದಿಟ್ಟಿರುತ್ತದೆ. ಸಿಡಿಕೆ9 ಮತ್ತು ಸೈಕ್ಲಿನ್ ಟಿ1 ಸೇರಿ ಆದ ಆ ಕೈನೇಸ್ ಹಿಡಿತದಲ್ಲಿರುವಷ್ಟು ಹೊತ್ತು ಕೆಲಸ ಮಾಡದು.

ವೈರಸ್‌ಗೆ ಬೇಕಾದದ್ದು ಅದೇ ಕೈನೇಸ್. ನಮ್ಮ ಡಿಎನ್‌ಎಯೊಳಗೆ ಸೇರಿಕೊಂಡ ಎಚ್‌ಐವಿಯನ್ನು ಆರ್‌ಎನ್‌ಎಯಾಗಿ ಬರೆಯಲು ಹೊರಟ ಪಾಲಿಮರೇಸ್ 2 ಕಿಣ್ವ ಸಾಮಾನ್ಯವಾಗಿ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಅಷ್ಟರಲ್ಲಿ ಹೊರಬಂದ ತುಂಡು ಮಡಚಿಕೊಂಡು ಟಾರ್ ಎಂಬ ಕುಣಿಕೆಯಾಗುತ್ತದೆ. ವೈರಸ್‌ನ ಟ್ಯಾಟ್ ಪ್ರೋಟೀನ್ ಪಿ-ಟೆಫ್‌ಬಿಯನ್ನು 7ಎಸ್‌ಕೆಯಿಂದ ಬಿಡಿಸಿ ತಂದು ಟಾರ್ ಮೇಲೆ ಕೂರಿಸುತ್ತದೆ. ಕೈನೇಸ್ ಫಾಸ್ಫೇಟ್ ಸೇರಿಸುತ್ತಲೇ ಪಾಲಿಮರೇಸ್ ಮುಂದೆ ಓಡುತ್ತದೆ. ಸುಪ್ತ ವೈರಸ್ಸನ್ನು ಎಬ್ಬಿಸಲು ಪ್ರಯೋಗಾಲಯದಲ್ಲಿ ಬಳಸುವ ಎಚ್‌ಎಂಬಿಎ ಎಂಬ ರಾಸಾಯನಿಕ ಸಡಿಲಿಸುವುದೂ 7ಎಸ್‌ಕೆಯ ಹಿಡಿತವನ್ನೇ.

ಲೈಸಿನ್ ಎಂಬ ಅಮೈನೋ ಆಮ್ಲ ಹೊರುವ ಟಿಆರ್‌ಎನ್‌ಎ-ಲೈಸ್3 ಬೇರೆ ಹಂತದ್ದು. ವೈರಸ್ ಕಣದೊಳಗೇ ಪ್ಯಾಕ್ ಆಗಿ ಹೋಗುವ ಇದರ ಕೊನೆಯ 18 ನ್ಯೂಕ್ಲಿಯೊಟೈಡ್‌ಗಳು ವೈರಸ್ ಆರ್‌ಎನ್‌ಎಗೆ ಅಂಟಿಕೊಂಡರೆ ಮಾತ್ರ, ಆ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆಯುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಕಿಣ್ವದ ಕೆಲಸ ಶುರುವಾಗುತ್ತದೆ.

ಬೇರೆ ಆರ್‌ಎನ್‌ಎಗಳಿಗೆ ಅಂಟಿ ಅವನ್ನು ಅದುಮುವ ಪುಟ್ಟ ಮೈಕ್ರೋಆರ್‌ಎನ್‌ಎಗಳ ಬಗ್ಗೆ ಉತ್ಸಾಹ ಸ್ವಲ್ಪ ಹೆಚ್ಚೇ ಆಯಿತು. ಎಚ್‌ಐವಿ ಅಡಗುವ ವಿಶ್ರಾಂತ ಸಿಡಿ4 ರೋಗನಿರೋಧಕ ಕೋಶಗಳಲ್ಲಿ ಮಿರ್-28, 125ಬಿ, 150, 223, 382 ವೈರಸ್ಸನ್ನು ಅದುಮಿಡುತ್ತವೆ ಎಂದು 2007ರಲ್ಲಿ ವರದಿಯಾಯಿತು. ಆದರೆ ವೈರಸ್ ಆರ್‌ಎನ್‌ಎ ಎಷ್ಟು ಬಿಗಿಯಾಗಿ ಮಡಚಿಕೊಂಡಿರುತ್ತದೆಂದರೆ, ಅವು ನೇರವಾಗಿ ಹಿಡಿಯಲು ಸಿಗುವ ಜಾಗ ಕಡಿಮೆ ಎಂದು ನಂತರದ ಕೆಲಸ ತೋರಿಸಿತು.

ನ್ಯೂಕ್ಲಿಯಸ್‌ನಲ್ಲಿರುವ ಉದ್ದನೆಯ ಆರ್‌ಎನ್‌ಎ ನೀಟ್1ರ ಕಥೆ ಗಟ್ಟಿ: ಇದನ್ನು ತಗ್ಗಿಸಿದರೆ ಸ್ಪ್ಲೈಸ್ ಆಗದ (ಕತ್ತರಿಸಿ ಜೋಡಿಸದ) ವೈರಸ್ ಆರ್‌ಎನ್‌ಎ ನ್ಯೂಕ್ಲಿಯಸ್‌ನಿಂದ ಹೆಚ್ಚು ಹೊರಬರುತ್ತದೆ, ಹೊಸ ಕಣಗಳೂ ಹೆಚ್ಚುತ್ತವೆ. ಅಳೆಯುವಲ್ಲಿ ಮಾತ್ರ ಎಡವಟ್ಟು. ಇದರ 23,000 ನ್ಯೂಕ್ಲಿಯೊಟೈಡ್‌ನ ಉದ್ದ ರೂಪ, ಆರ್‌ಎನ್‌ಎ ಬೇರ್ಪಡಿಸಲು ಬಳಸುವ ಟ್ರೈಜಾಲ್ ದ್ರಾವಣದಲ್ಲಿ ಸರಿಯಾಗಿ ಬಿಡಿಸಿಕೊಳ್ಳದೆ ಪ್ರೋಟೀನ್ ಪದರದಲ್ಲೇ ಉಳಿದುಬಿಡುತ್ತದೆ. ಲೈಸೇಟನ್ನು (ಕೋಶ ಒಡೆದ ದ್ರವವನ್ನು) 55 ಡಿಗ್ರಿಯಲ್ಲಿ 10 ನಿಮಿಷ ಬಿಸಿಮಾಡಿ, ಇಲ್ಲವೇ ಸೂಜಿಯಲ್ಲಿ ಮತ್ತೆಮತ್ತೆ ಎಳೆದು ಬಿಡಿ. ನ್ಯೂಕ್ಲಿಯಸ್‌ನಲ್ಲೇ ಇರುವ ಇಂಥದ್ದನ್ನು ತಗ್ಗಿಸಲು ಎಸ್‌ಐಆರ್‌ಎನ್‌ಎಗಿಂತ (ಗುರಿ ಆರ್‌ಎನ್‌ಎಯನ್ನು ತುಂಡರಿಸಲು ಬಳಸುವ ಪುಟ್ಟ ಜೋಡಿ ಎಳೆಯ ಆರ್‌ಎನ್‌ಎಗಿಂತ) ಗ್ಯಾಪ್‌ಮರ್ ಎಂಬ ಪುಟ್ಟ ಒಂಟಿ ಎಳೆ ವಾಸಿ, ಅದು ಅಲ್ಲಿನ ಆರ್‌ಎನ್‌ಎ ಕತ್ತರಿಸುವ ಆರ್‌ನೇಸ್ ಎಚ್1 ಕಿಣ್ವವನ್ನು ಬಳಸುತ್ತದೆ. ಎಸ್‌ಐಆರ್‌ಎನ್‌ಎ ಕೋಶದ ವೈರಸ್-ವಿರೋಧಿ ಸಂಕೇತವಾದ ಇಂಟರ್‌ಫೆರಾನನ್ನು ಎಬ್ಬಿಸಿದರೆ ವೈರಸ್ ಅದರಿಂದಲೇ ಇಳಿಯುತ್ತದೆ, ಆದ್ದರಿಂದ ಇಂಟರ್‌ಫೆರಾನಿಗೆ ಏರುವ ಜೀನ್ ಐಎಸ್‌ಜಿ15 ಏರಿದೆಯೇ ನೋಡಿ. ಕೋಶಗಳು ಸತ್ತರೂ, ವೈರಸ್ ಪ್ರಮಾಣ ಅಳೆಯುವ ಅದರ ಪ್ರೋಟೀನ್ ಪಿ24 ಇಳಿಯುತ್ತದೆ. ಬದುಕಿರುವ ಕೋಶಗಳ ಲೆಕ್ಕಕ್ಕೆ ಭಾಗಿಸದ ಪಿ24 ಅಂಕಿ ನಂಬಬೇಡಿ.